ಜೀಪಿಗೆ ದೊಡ್ಡ ಬ್ರೇಕು ಹಾಕಿದ್ದು

ಜಾಕು ಜಾರಿ ಜೀಪು ನಮ್ಮ ಮೇಲೇ ಕೂರಬಹುದಿತ್ತು. ಮುಂದಿನ ಆಕ್ಸಲ್ಲನ್ನು ತಪ್ಪಿ ಹಿಂದಕ್ಕೆ ಕೂರಿಸಿಬಿಡಬಹುದಿತ್ತು. ಬ್ರೇಕ್ ಆಯಿಲ್ ಸೋರಬಹುದಿತ್ತು, ನಡುದಾರಿಯಲ್ಲಿ ಚಕ್ರವೇ ಕಳಚಬಹುದಿತ್ತು. ಎಪ್ಪತ್ತೈದನೇ ಇಸವಿಯ ಸುಮಾರಿಗೆ, ಮಳವಳ್ಳಿಯ ನಮ್ಮ ಹಿತ್ತಲಲ್ಲಿ, ಹರಾಜಿನಲ್ಲಿ ತಂದ ದಪ್ಪ ಆಕ್ಸಲ್ಲು, ದೊಡ್ಡ ಬ್ರೇಕುಗಳನ್ನು ಹಳೇ ಜೀಪಿಗೆ ಕೂರಿಸುವಾಗ ಇಷ್ಟನ್ನೂ ಯೋಚಿಸಿದ್ದೆ. ಹಿಂದೊಮ್ಮೆ ಬ್ರೇಕು ಹಿಡಿಯದೆ ಕಬ್ಬಿನ ಗದ್ದೆಗೆ ನುಗ್ಗಿದ ಮೇಲೆ ಹೆಂಡತಿ ಜೀಪು ಹತ್ತುವುದನ್ನೇ ಬಿಟ್ಟಿದ್ದಳು. ಇದೊಂದು ಸಲ ಕೂತು ನೋಡುತ್ತೇನೆ, ಇದೇ ಕೊನೆ ಎಂದಿದ್ದಳು.

ಕೆಲಸ ಬಲ್ಲ ಭಾವಮೈದ ನಾಲ್ಕೂ ಚಕ್ರದ ಬ್ರೇಕನ್ನು ಹದವಾಗಿ ಬಿಗಿಮಾಡಿ ಕೈ ತೊಳೆಯಲು ಹೋದ. ಹದ ಎಂದರೆ ಎಷ್ಟು? ನನಗೆ ತಲೆಬುಡ ತಿಳಿಯಲಿಲ್ಲ. ಮದುವೆ ಮುಯ್ಯಿಗೆ ಹತ್ತು ರೂಪಾಯಿಯ ಮೇಲೊಂದು ಇಟ್ಟು ಅಭ್ಯಾಸವಾದ ಕೈ. ಶುಭವಾಗಲೆಂದು ನಾಲ್ಕಕ್ಕೂ ಬ್ರೇಕು ಬಿಗಿಮಾಡುವ ಹಲ್ಲುಗಾಲಿಯನ್ನು ಇನ್ನೊಂದೊಂದು ಹಲ್ಲು ತಿರುಗಿಸಿದೆ.

ಮೂವರೂ ಹೊರಟೆವು. ಕಿರುಗಾವಲಿನ ಹತ್ತಿರ ಇಳಿಜಾರಿನಲ್ಲಿ ಬ್ರೇಕು ತುಳಿದೆ. ಜೀಪು ಕಂಬದ ಹಾಗೆ ನಿಂತಿತು. ಪಕ್ಕದಲ್ಲಿದ್ದ ಹೆಂಡತಿ ನಕ್ಕಳು. ಹೊರಡೋಣವೆಂದರೆ ಅಲುಗಲೊಲ್ಲದು. ಹಿಂದೆ ಕೂತಿದ್ದ ಭಾವಮೈದ ಇಳಿದು, ಚಕ್ರದ ಡ್ರಮ್ಮು ಮುಟ್ಟಿ ಕೈ ಕಿತ್ತುಕೊಂಡ.

"ಬ್ರೇಕು ಕಚ್ಕೊಂಡು ಕೆಂಡ ಆಗ್ಬುಟ್ಟದೆ! ಭಾವ, ನಾನ್ ಬಿಗಿ ಮಾಡಿದ್ ಮ್ಯಾಲೆ ಯಾರು ಮುಟ್ಟುದ್ದು?"

ನಾನು ರಸ್ತೆ ನೋಡಿದೆ.

"ನಿಲ್ಲೋದೇನೋ ನಿಲ್ತದೆ ಕಣ್ರೀ, ಹೋಗೋದು?" ಎಂದ ಹೆಂಡತಿ, ಎದುರಿನಿಂದ ಬಂದ ಮಳವಳ್ಳಿ ಬಸ್ಸಿಗೆ ಕೈ ಅಡ್ಡ ಹಾಕಿದಳು.