ಗಡಿಯಾರ ಬಿಚ್ಚುವ ಬೆರಳುಗಳು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತಮೂರು ನಿಮಿಷ. ರಿಪ್ಪನ್‌ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ ಬೆಂಕಿ ಹತ್ತಿದ ಹೊತ್ತು ನನಗೆ ಇಷ್ಟು ಸರಿಯಾಗಿ ಗೊತ್ತು. ವಾಚಿನ ಹುಚ್ಚಿರುವವರಿಗೆ ಗಾಬರಿಯಲ್ಲೂ ಕಣ್ಣು ಮಣಿಕಟ್ಟಿಗೇ ಹೋಗುತ್ತದೆ.

ನಾನು ತೀರ್ಥಹಳ್ಳಿಯಲ್ಲಿ ಉಪನ್ಯಾಸಕಿ. ಐವತ್ತು, ಅರವತ್ತರ ದಶಕದ ಆಟೊಮ್ಯಾಟಿಕ್ ವಾಚುಗಳನ್ನು ಸೇರಿಸುತ್ತೇನೆ. ಅವಕ್ಕೆ ಬ್ಯಾಟರಿ ಇಲ್ಲ, ದಿನಾ ಕೀ ಕೊಡುವುದೂ ಬೇಡ. ಕಟ್ಟಿಕೊಂಡು ಓಡಾಡಿದರೆ ಒಳಗಿನ ತೂಕ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ನನ್ನ ಹತ್ತಿರ ಹನ್ನೊಂದಿವೆ, ಹನ್ನೊಂದೂ ನಡೆಯುತ್ತವೆ. ಈ ಹೆಮ್ಮೆಯಲ್ಲಿ ಮುಕ್ಕಾಲು ಪಾಲು ಆ ಅಂಗಡಿಯವರದು. ಬೇರೆ ಊರಿನವರು ‘ಪಾರ್ಟ್ ಸಿಗಲ್ಲ’ ಎಂದು ಕೈಬಿಟ್ಟಿದ್ದಕ್ಕೆ ಅವರು ಅರ ಹಿಡಿದು ಹೊಸ ಭಾಗ ಉಜ್ಜಿ ಕೂರಿಸಿದ್ದಾರೆ.

ಅವರದೊಂದು ಕ್ರಮ. ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಅದು ಪೂರ್ತಿ ಆರಿದ ಮೇಲೆಯೇ ವಾಚಿನ ಭಾಗ ತೊಳೆಯುವ ಪೆಟ್ರೋಲ್ ಬಟ್ಟಲು ಹೊರಗೆ ಬರುವುದು. ಅವತ್ತು ಕವಲೇದುರ್ಗದ ಕೋಟೆ ಬುಡದ ಮನೆಯೊಂದರಲ್ಲಿ ಸಿಕ್ಕ ವಾಚು ಹಿಡಿದು, “ಮೊದಲು ಇದನ್ನ ನೋಡಿ ಅಣ್ಣ, ನಂಗೆ ಬಸ್ಸಿದೆ” ಎಂದೆ. ನಕ್ಕು ಅದನ್ನೇ ಮೊದಲು ಬಿಚ್ಚಿ ತೊಳೆಯಲು ಹಾಕಿದರು. ಆಮೇಲೆ ದೇವರ ನೆನಪಾಗಿ, ಬಟ್ಟಲ ಪಕ್ಕದಲ್ಲೇ ಕಡ್ಡಿ ಗೀರಿದರು.

ಭಗ್ಗೆಂದಿತು. ಅವರ ಬಲಗೈಗೆ ಬೆಂಕಿ. ಎಡಗೈಯಲ್ಲಿ ನನ್ನನ್ನು ಹೊರಗೆ ತಳ್ಳಿ, ಉರಿಯುತ್ತಿದ್ದ ಕೈಯಲ್ಲೇ ತಗಡಿನ ಮುಚ್ಚಳ ಎತ್ತಿ ಬಟ್ಟಲಿಗೆ ಮುಚ್ಚಿದರು. ಪಕ್ಕದಲ್ಲಿ ಬಟ್ಟೆ ಅಂಗಡಿ ಇತ್ತು. ಮುಚ್ಚಿದ ಮೇಲೆಯೇ ಕೈ ನನ್ನತ್ತ ಚಾಚಿದ್ದು. ಬಾಗಿಲ ಗೋಣಿತಾಟು ಸುತ್ತಿ ಆರಿಸಿದೆ.

ಸಾಗರದ ಆಸ್ಪತ್ರೆಯಲ್ಲಿ ಅವರ ಹೆಂಡತಿ ಅಳುತ್ತಲೇ ಬೈದರು: “ಪೆಟ್ರೋಲ್ ಮುಂದೆ ಕಡ್ಡಿ ಗೀರಿದ್ರೆ ದೇವ್ರೂ ಪಟ ಬಿಟ್ಟು ಓಡ್ತಾನೆ!”

“ನನ್ನ ಅವಸರದಿಂದ ಆಗಿದ್ದು” ಎಂದೆ.

“ಕಡ್ಡಿ ಗೀರಿದ್ದು ನಿಮ್ಮ ಬಸ್ಸಾ ಟೀಚರಮ್ಮ?” ಎಂದರು ಅವರು, ಮಂಚದಿಂದಲೇ.

ಹೆಬ್ಬೆರಳು, ತೋರುಬೆರಳು ಮೊದಲಿನ ಹಾಗೆ ಮಡಚುತ್ತವೋ ಇಲ್ಲವೋ ಎಂದು ಡಾಕ್ಟರು ಹೇಳಲಿಲ್ಲ. ಚಿಮಟ ಹಿಡಿಯುವುದು ಆ ಎರಡೇ ಬೆರಳು. ದಿನಾ ನಡುರಾತ್ರಿ ಕಡ್ಡಿ ಗೀರಿದ ಸದ್ದು ಕೇಳಿದಂತಾಗಿ ನಿದ್ದೆಯಿಂದ ಎದ್ದು ಕೂರುತ್ತಿದ್ದೆ.

ಪಟ್ಟಿ ಬಿಚ್ಚಿದ ಮೇಲೆ ಅವರು ಚಿಮಟ ಹಿಡಿದು ತಟ್ಟೆಯಿಂದ ತಟ್ಟೆಗೆ ಸಾಸಿವೆ ಕಾಳು ಎತ್ತಿಡಲು ಶುರುಮಾಡಿದರು. ಮೊದಮೊದಲು ಎಲ್ಲವೂ ಜಾರುತ್ತಿದ್ದವು. “ಒಗ್ಗರಣೆಗೂ ಉಳಿಸಿ” ಎಂದು ಹೆಂಡತಿ ರೇಗಿಸುತ್ತಿದ್ದರು. ಅವರು ನಗುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ.

ನಾಲ್ಕನೇ ತಿಂಗಳ ಒಂದು ಭಾನುವಾರ ಹೋದರೆ ಅಂಗಡಿ ತೆಗೆದಿತ್ತು. ಯಾರದೋ ವಾಚಿಗೆ ಕಣ್ಣಿಗೂ ಕಾಣದಂಥ ಸ್ಕ್ರೂ ಹಾಕುತ್ತಿದ್ದರು. ತಲೆ ಎತ್ತದೆ, “ಸರದಿ ಪ್ರಕಾರ. ಕೂತ್ಕಳಿ” ಎಂದರು. ಕೂತೆ. ಕಲೆಗಟ್ಟಿದ ಬೆರಳುಗಳ ನಡುವೆ ಚಿಮಟ ಅಲುಗಲಿಲ್ಲ. ಸ್ಕ್ರೂ ಕೂತಿತು. ನನ್ನ ಪಕ್ಕದಲ್ಲಿ ಕಾಯುತ್ತಿದ್ದ ಅಪರಿಚಿತರಿಗೆ, “ಇವರಂಥ ಕೈ ಈ ಮೂರು ತಾಲ್ಲೂಕಲ್ಲಿ ಇಲ್ಲ” ಎಂದೆ, ಅವರು ಕೇಳದಿದ್ದರೂ.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಅಡುಗೆಮನೆಯಲ್ಲಿ ಬಿಸಿಲಿತ್ತು.