ಒಂದು ಗೇಣು ಕೆಳಗೆ

ಸಿಂಗಟಗೆರೆಯಿಂದ ಮೊದಲ ಬಸ್ಸು ಹಿಡಿದು, ಕಡೂರಿನಲ್ಲಿ ಇಳಿದು ಇನ್ನೊಂದು ಹತ್ತಿ, ಒಂಬತ್ತರ ಹೊತ್ತಿಗೆ ಕರಿಬಸಮ್ಮ ತರೀಕೆರೆ ಮುಟ್ಟಿದರು. ಜೊತೆಗೆ ಸೊಸೆ ಪ್ರತಿಮಾ. ಕೈಚೀಲದಲ್ಲಿ ಆಧಾರ್ ಕಾರ್ಡು, ನಾಲ್ಕು ಫೋಟೊ, ಗಂಡನ ಮರಣ ಪ್ರಮಾಣಪತ್ರ, ಬಟ್ಟೆಯಲ್ಲಿ ಸುತ್ತಿದ ರಾಗಿರೊಟ್ಟಿ. ಅವತ್ತು ಭಾನುವಾರ, ನಾಗರಿಕ ಬಂದೂಕು ತರಬೇತಿ ಶಿಬಿರದ ಕೊನೆಯ ದಿನ. ಹತ್ತು ಗುಂಡು ಹೊಡೆಯಬೇಕು. ನಾಲ್ಕಾದರೂ ಕರಿ ವೃತ್ತದೊಳಗೆ ಬಿದ್ದರೆ ಪ್ರಮಾಣಪತ್ರ. ಬೀಳದಿದ್ದರೆ ಮನೆಯ ಕೋವಿ ಸರ್ಕಾರದ ಪಾಲು.

ಆ ಕೋವಿಗೆ ಬೆಳೆ ರಕ್ಷಣೆಗೆಂದು ಪರವಾನಗಿ ಇತ್ತು. ಒಂಟಿ ನಳಿಗೆ, ಅದರ ಬಾಯಿಯಿಂದ ಮದ್ದು ತುಂಬಿ, ಗಜವೆಂಬ ಕಬ್ಬಿಣದ ಕೋಲಿನಲ್ಲಿ ಜಡಿದು, ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವಂಥದ್ದು. ಮಾವನ ಕಾಲದ್ದು, ಆಮೇಲೆ ಗಂಡ ಬೀರಯ್ಯನವರ ಹೆಸರಿಗೆ ಬಂತು. ಹೋದ ವರ್ಷ ಬೀರಯ್ಯ ತೀರಿಕೊಂಡ ಹದಿನೈದನೇ ದಿನ ಕರಿಬಸಮ್ಮ ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ಪಡೆದರು. ಪರವಾನಗಿದಾರ ಸತ್ತ ಮೇಲೆ ಬಂದೂಕು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವಾರಸುದಾರರು ತರಬೇತಿ ಮುಗಿಸಿ ತಮ್ಮ ಹೆಸರಿಗೆ ಪರವಾನಗಿ ಮಾಡಿಸಿಕೊಂಡರೆ ಮಾತ್ರ ವಾಪಸ್ಸು. ಅವರ ಅರ್ಜಿಗೆ ಇದ್ದ ಗಡುವು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದಿನ ಶಿಬಿರಕ್ಕೆ ಇನ್ನೂ ಐದು ತಿಂಗಳು.

ಕೋವಿ ಇಲ್ಲದ ಹನ್ನೊಂದು ತಿಂಗಳಲ್ಲಿ ಕಾಡುಹಂದಿಗಳು ಎರಡು ಎಕರೆ ಕಡಲೆಕಾಯಿಯನ್ನು ಉತ್ತುಹಾಕಿದ್ದವು. ಹೊಸದಾಗಿ ನೆಟ್ಟ ಹದಿನಾಲ್ಕು ತೆಂಗಿನ ಸಸಿಗಳ ಬುಡ ಅಗೆದಿದ್ದವು. ಪಟಾಕಿ ಸಿಡಿಸಿದರೆ ಮೊದಲ ವಾರ ಓಡಿದವು, ಆಮೇಲೆ ತಲೆ ಎತ್ತಿಯೂ ನೋಡಲಿಲ್ಲ. ಒಂದು ಸಂಜೆ, ಇನ್ನೂ ಬಿಸಿಲಿರುವಾಗಲೇ, ಒಂಟಿ ಹಂದಿಯೊಂದು ಪ್ರತಿಮಾಳ ಮೇಲೆ ತಿರುಗಿಬಿತ್ತು. ಅವಳು ಪಂಪ್‌ಹೌಸಿಗೆ ನುಗ್ಗಿ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಒಳಗೇ ಕೂತಳು. ಮಾರನೆಯ ದಿನವೇ ಕರಿಬಸಮ್ಮ ಅರ್ಜಿ ಬರೆಸಿದರು.

ಮಗ ತಿಮ್ಮೇಶ ಬೋರ್‌ವೆಲ್ ಲಾರಿಯ ಡ್ರೈವರ್. ಅವನ ಹೆಸರಿಗೇ ಮಾಡಿಸಬಹುದಿತ್ತು. ಅವನು ಕೈ ಮುಗಿದ. "ನಂಗೆ ಆ ಶಬ್ದ ಕೇಳಿದ್ರೇ ತಲೆನೋವು. ಅಪ್ಪ ಇದ್ದಾಗ್ಲೂ ಹೊಡೀತಿದ್ದೋಳು ನೀನೇ ಅಲ್ವಾ? ನೀನೇ ಮಾಡಿಸ್ಕೊ ಕಣವ್ವ." ಅದು ಮನೆಯೊಳಗಿನ ಮಾತು. ಹೊರಗೆ ಆಡುವಂಥದ್ದಲ್ಲ.

ಶಿಬಿರದ ಉಸ್ತುವಾರಿ ಮುಖ್ಯಪೇದೆ ಈರಭದ್ರಪ್ಪನವರದು. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಮನುಷ್ಯ, ದನಿ ಮಾತ್ರ ಪರೇಡ್ ಮೈದಾನದ್ದು. ಶನಿವಾರದ ಪಾಠ ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇತ್ತು. ಮುಂದಿನ ಸಾಲಿನಲ್ಲಿ ಕೂತಿದ್ದವರು ತರೀಕೆರೆಯ ಅಡಿಕೆ ವ್ಯಾಪಾರಿ ಓಂಕಾರೇಶ್. ಅವರಿಗೆ ಪಿಸ್ತೂಲು ಬೇಕಿತ್ತು.

"ಸಾರ್, ಕಳ್ಳ ಕಾಂಪೌಂಡ್ ಹಾರ್ತಾ ಇದ್ದಾನೆ. ಹೊಡೀಬಹುದಾ?" ಎಂದು ಕೇಳಿದರು.

"ಒಳಕ್ಕೆ ಹಾರ್ತಿದಾನೋ, ಹೊರಕ್ಕೋ?"

"ಹೊರಕ್ಕೆ ಅಂದ್ಕೊಳ್ಳಿ. ಅಡಿಕೆ ಮೂಟೆ ಹೊತ್ಕೊಂಡು."

"ಹಂಗಾದ್ರೆ ನಮಗೆ ಫೋನ್ ಮಾಡಿ. ನಿಮ್ಮ ಜೀವಕ್ಕೆ ಅಪಾಯ ಎಷ್ಟೋ, ಕಾನೂನು ಕೊಡೋ ಹಕ್ಕು ಅಷ್ಟೇ. ಓಡೋನ ಬೆನ್ನಿಗೆ ಹೊಡೆದ್ರೆ ಅವ್ನು ಆಸ್ಪತ್ರೆಗೆ, ನೀವು ಜೈಲಿಗೆ. ಅಡಿಕೆ ಮೂಟೆ ಸಾಕ್ಷಿ ಅಂತ ನಮ್ಮ ಠಾಣೇಲಿ ಕೂರುತ್ತೆ."

ನಗು ಇಳಿದ ಮೇಲೆ ಹಿಂದಿನ ಸಾಲಿನಿಂದ ಕರಿಬಸಮ್ಮ ಹೇಳಿದರು: "ನಾವು ಮುಗಿಲಿಗೆ ಹೊಡೆಯೋರು ಸ್ವಾಮಿ. ಸದ್ದಿಗೆ ಹಂದಿ ಓಡಿದ್ರೆ ಸಾಕು."

ಓಂಕಾರೇಶ್ ತಿರುಗಿ ನೋಡಿದರು. "ಅದಕ್ಕೆ ಪರೀಕ್ಷೆ ಯಾಕಮ್ಮ? ಮುಗಿಲಿಗೆ ಹೊಡೆದ್ರೆ ಗುರಿ ತಪ್ಪೋದುಂಟಾ?"

ಇಡೀ ಕೊಠಡಿ ನಕ್ಕಿತು. ಈರಭದ್ರಪ್ಪನವರೂ ಮೀಸೆಯೊಳಗೆ ನಕ್ಕರು.

ಈಗ ಭಾನುವಾರ, ಗುಡ್ಡದ ಬುಡದ ಬಯಲು. ಇಪ್ಪತ್ತೈದು ಮೀಟರ್ ದೂರದಲ್ಲಿ ಮಣ್ಣಿನ ಏರಿ, ಅದರ ಮುಂದೆ ಎಂಟು ಹಲಗೆಗಳು. ಪ್ರತಿ ಹಲಗೆಗೆ ಅಂಟಿಸಿದ ಬಿಳಿ ಕಾಗದದ ನಡುವೆ ತೆಂಗಿನ ಚಿಪ್ಪಿನಗಲ ಕರಿ ವೃತ್ತ, ಅದರ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಹಲಗೆಯ ಅಂಕಿ. ಮೊದಲ ತಂಡದಲ್ಲೇ ಓಂಕಾರೇಶ್ ಹೊಡೆದು ಮುಗಿಸಿದ್ದರು. ಹತ್ತರಲ್ಲಿ ಐದು. ಪಾಸಾದ ಖುಷಿಯಲ್ಲಿ, ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ನಿಂತು ಎಲ್ಲರಿಗೂ ಸಲಹೆ ಕೊಡುತ್ತಿದ್ದರು.

ಎರಡನೆಯ ತಂಡದಲ್ಲಿ ಕರಿಬಸಮ್ಮನಿಗೆ ಏಳನೇ ಹಲಗೆ. ಸೆರಗು ಸೊಂಟಕ್ಕೆ ಬಿಗಿದು ತಾಡಪಾಲಿನ ಮೇಲೆ ಬೋರಲು ಮಲಗಿದರು. ಪಾಯಿಂಟ್ ಟೂ ಟೂ ರೈಫಲ್ಲನ್ನು ಹೆಗಲಿಗೆ ಒತ್ತಿ, ಎಡಗಣ್ಣು ಮುಚ್ಚಿ, ಉಸಿರು ಅರ್ಧ ಬಿಟ್ಟು ತಡೆದರು. ಐದು ಗುಂಡು, ಒಂದರ ಹಿಂದೊಂದು. ಗುಂಡುಗಳ ಸದ್ದು ಅವರಿಗೆ ಕಡಲೆಬೀಜ ಸಿಡಿದಷ್ಟೇ ಅನ್ನಿಸಿತು.

ಈರಭದ್ರಪ್ಪ ದುರ್ಬೀನಿನಲ್ಲಿ ನೋಡಿದರು. "ಏಳನೇ ನಂಬರ್, ಸೊನ್ನೆ."

ಹಗ್ಗದಾಚೆ ಪ್ರತಿಮಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಉಳಿದಿರುವುದು ಐದು ಗುಂಡು, ಬೇಕಾದದ್ದು ನಾಲ್ಕು.

"ಅಮ್ಮಾ, ಮುಗಿಲು ಆ ಕಡೆ ಅಲ್ಲ, ಮೇಲಿದೆ!" ಓಂಕಾರೇಶ್ ಕೂಗಿದರು.

ಫೈರಿಂಗ್ ನಿಲ್ಲಿಸಿ ರೈಫಲ್‌ಗಳನ್ನು ಕೆಳಗಿಡಿಸಿ ಈರಭದ್ರಪ್ಪ ಹಲಗೆಯವರೆಗೆ ನಡೆದುಹೋದರು. ಹೋದವರು ಅಲ್ಲೇ ಬಗ್ಗಿ ನಿಂತರು. ಮತ್ತೆ ಬಗ್ಗಿದರು. ವಾಪಸ್ಸು ಬರುವಾಗ ಅವರ ನಡಿಗೆ ಜೋರಾಗಿತ್ತು.

"ಯಮ್ಮಾ, ಐದು ತೂತೂ ಒಂದೇ ಕಡೆ ಬಿದ್ದಿವೆ. ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದು. ಆದ್ರೆ ಕರಿ ಚುಕ್ಕೆಯಿಂದ ಒಂದು ಗೇಣು ಕೆಳಗೆ. ಎಲ್ಲಿಗೆ ಗುರಿ ಇಟ್ಟಿದ್ರಿ?"

"ಒಂದು ಗೇಣು ಕೆಳಕ್ಕೇ ಇಟ್ಟಿದ್ದೆ ಸ್ವಾಮಿ. ಕೋವಿ ಮೇಲಕ್ಕೆ ಒಯ್ಯುತ್ತಲ್ಲ?"

"ಯಾವ ಕೋವಿ?"

"ನಮ್ಮನೇದು. ಅದರ ಹಿಡಿಯಲ್ಲಿ ಬಾಗು ಕಮ್ಮಿ. ಎಷ್ಟು ಸರ್ತಿ ಹೊಡೆದ್ರೂ ಮೇಲಕ್ಕೇ ಹೋಗ್ತಿತ್ತು. ಆಯುಧಪೂಜೆ ದಿನ ಕೆರೆ ಏರಿ ಮೇಲೆ ಪಂದ್ಯಕ್ಕೆ ತೆಂಗಿನಕಾಯಿ ಕಟ್ಟೋರು ನೋಡಿ, ಒಂದು ಕೋವಿಗೆ ಒಂದೇ ಗುಂಡು. ಕಾಯಿಗೆ ತಾಗಿದ್ರೆ ಆಗ್ಲಿಲ್ಲ, ನೀರು ಸೋರಬೇಕು. ನಮ್ಮ ಯಜಮಾನ್ರು ಮೂರು ವರ್ಷ ಕಾಯಿ ಮೇಲಿನ ಹಗ್ಗ ಕಡಿದ್ರು. ನಾಲ್ಕನೇ ವರ್ಷ ನಂಗೆ ಕೊಟ್ರು. ಒಂದು ಗೇಣು ಕೆಳಗೆ ಹಿಡಿದೆ. ನೀರು ಸೋರಿ ಏರಿ ಮೇಲೆ ಹರೀತು! ಆವತ್ತಿಂದ ಏಳು ವರ್ಷ ನಮ್ಮನೆ ಗುಂಡು ನಾನೇ..."

ಅವರ ಮುಖ ಕೆಂಪೇರಿತ್ತು. ಕೈ ಇನ್ನೂ ಆ ಕಾಯಿಯ ಎತ್ತರ ತೋರಿಸುತ್ತಿತ್ತು. ಅಷ್ಟರಲ್ಲಿ ಪ್ರತಿಮಾ, "ಅತ್ತೆ!" ಎಂದಳು.

ಮಾತು ಅಲ್ಲಿಗೇ ನಿಂತಿತು. ಓಂಕಾರೇಶ್ ಮಾತ್ರ ಬಿಡಲಿಲ್ಲ. "ಲೈಸೆನ್ಸ್ ಯಜಮಾನ್ರ ಹೆಸರಲ್ಲಿ, ಗುಂಡು ಇವ್ರದ್ದು. ಇದು ಕೇಸಾಗುತ್ತಲ್ವಾ ಸಾರ್?"

ಈರಭದ್ರಪ್ಪ ಕಿವಿಯ ಕಡೆ ಬೆರಳು ತೋರಿಸಿದರು. "ನಾನು ಹತ್ತಿ ಇಟ್ಕೊಂಡಿದೀನಿ ಓಂಕಾರೇಶಪ್ಪ. ಯಾವ ಕೋವಿ ವಿಷ್ಯಾನೂ ನಂಗೆ ಕೇಳಿಸ್ಲಿಲ್ಲ." ನಂತರ ಕರಿಬಸಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು: "ಈ ರೈಫಲ್ ಮೇಲಕ್ಕೆ ಒಯ್ಯಲ್ಲ. ಕರಿ ಚುಕ್ಕೆಗೇ ನೇರ ಹಿಡೀರಿ. ಅಷ್ಟೇ."

ಅಷ್ಟೇ ಆಗಿದ್ದರೆ ಸುಲಭವಿತ್ತು. ಮತ್ತೆ ಮಲಗಿ, ಕರಿ ಚುಕ್ಕೆಗೆ ಗುರಿ ಕೂಡಿಸಿದರು. ಆದರೆ ಬೆರಳು ಟ್ರಿಗರ್ ಎಳೆಯುವ ಹೊತ್ತಿಗೆ ಮೊಣಕೈ ತಾನಾಗಿಯೇ ಕುಸಿಯಿತು. ಗುಂಡು ಹೋಯಿತು. ಹಳೆಯ ಐದು ತೂತುಗಳ ಪಕ್ಕದಲ್ಲೇ ಆರನೆಯದು.

"ಹೊರಗೆ," ಎಂದರು ಈರಭದ್ರಪ್ಪ.

ಉಳಿದದ್ದು ನಾಲ್ಕು. ನಾಲ್ಕೂ ಒಳಗೆ ಬೀಳಬೇಕು.

ಕರಿಬಸಮ್ಮ ರೈಫಲ್ಲನ್ನು ಮರಳು ಮೂಟೆಯ ಮೇಲೆ ಒರಗಿಸಿ ಅಂಗೈ ಸೀರೆಗೆ ಒರೆಸಿಕೊಂಡರು. ಪಕ್ಕದವರೆಲ್ಲ ಹತ್ತೂ ಹೊಡೆದು ಎದ್ದಿದ್ದರು. ಬಯಲಿನಲ್ಲಿ ಅವರೊಬ್ಬರೇ ಉಳಿದಿದ್ದರು. ಅವರು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಮತ್ತೆ ಮೇಲಕ್ಕೆ. ಕೈ ಮಾತು ಕೇಳುವುದಿಲ್ಲ ಅಂದ ಮೇಲೆ ಕೈಯ ಜೊತೆ ಜಗಳ ಯಾಕೆ? ಗುರಿಯನ್ನೇ ಮೇಲಕ್ಕೆ ಎತ್ತಿದರಾಯಿತು. ಕರಿ ಚುಕ್ಕೆಯನ್ನು ಮರೆತರು. ಅದರ ಒಂದು ಗೇಣು ಮೇಲಿದ್ದ ಏಳರ ಅಂಕಿಯನ್ನೇ ಹೊಡೆಯಬೇಕಾದ ಕಾಯಿ ಅಂದುಕೊಂಡರು.

ಏಳಕ್ಕೆ ಕಣ್ಣು ನೆಟ್ಟರು. ಅಭ್ಯಾಸದಂತೆ ಕೈ ಒಂದು ಗೇಣು ಇಳಿಯಿತು. ಎಳೆದರು.

"ಒಳಗೆ!"

ಪ್ರತಿಮಾ ಹಗ್ಗ ಹಿಡಿದು ಹಾರಿದಳು. ಎರಡನೆಯದು. "ಒಳಗೆ!" ಮೂರನೆಯದಕ್ಕೆ ಈರಭದ್ರಪ್ಪ ದುರ್ಬೀನು ಇಳಿಸದೆ ಬೆರಳನ್ನಷ್ಟೇ ಎತ್ತಿದರು. ಒಳಗೆ. ಕೊನೆಯ ಗುಂಡಿಗೆ ಕರಿಬಸಮ್ಮ ಬಹಳ ಹೊತ್ತು ತೆಗೆದುಕೊಂಡರು. ಒಮ್ಮೆ ಉಸಿರು ಬಿಟ್ಟು ಮತ್ತೆ ಎಳೆದುಕೊಂಡರು. ಗುಡ್ಡದ ಮೇಲೆ ಎಲ್ಲೋ ನವಿಲು ಕೂಗಿ ಸುಮ್ಮನಾಯಿತು. ಗುಂಡು ಸಿಡಿಯಿತು.

ಈರಭದ್ರಪ್ಪ ದುರ್ಬೀನು ಇಳಿಸಿದರು. ಹಲಗೆಯ ಕಡೆ ಹೆಜ್ಜೆ ಹಾಕಿದರು. ಈ ಸಲ ಎಲ್ಲರೂ ಅವರ ಹಿಂದೆಯೇ ನಡೆದರು, ಪ್ರತಿಮಾ ಎಲ್ಲರಿಗಿಂತ ಮುಂದೆ.

ಮೂರು ತೂತು ವೃತ್ತದ ನಡುವೆ. ನಾಲ್ಕನೆಯದು ಅಂಚಿನಲ್ಲಿ, ಬಿಳಿಯಲ್ಲೋ ಕಪ್ಪಿನಲ್ಲೋ ತಿಳಿಯದ ಹಾಗೆ.

"ಹೊರಗಿದೆ," ಎಂದ ಒಬ್ಬ.

"ಗೆರೆ ಮುಟ್ಟಿದ್ರೆ ಒಳಗೆ, ಅದು ನಿಯಮ," ಎಂದರು ಈರಭದ್ರಪ್ಪ. "ಮುಟ್ಟಿದೆಯಾ ಅನ್ನೋದೇ ಪ್ರಶ್ನೆ." ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಗುಂಪು ಸರಿಸಿಕೊಂಡು ಓಂಕಾರೇಶ್ ಮುಂದೆ ಬಂದರು. "ಜಾಗ ಬಿಡ್ರೀ. ಅಡಿಕೆ ನೋಡೋ ಕಣ್ಣು ಇದು, ಸಣ್ಣ ಹುಳುಕೂ ತಪ್ಪಿಸ್ಕೊಳ್ಳಲ್ಲ." ಮೊಬೈಲ್ ತೆಗೆದು ಫೋಟೊ ಹೊಡೆದು ಎರಡು ಬೆರಳಿನಲ್ಲಿ ಹಿಗ್ಗಿಸಿದರು. ಹಿಗ್ಗಿಸುತ್ತಲೇ ಹೋದರು. "ನೋಡಿ ಸಾರ್, ಇಲ್ಲಿ! ಕಪ್ಪು ಹರಿದಿದೆ. ಗೆರೆ ಕಡಿದಿದೆ ಕಣ್ರೀ! ಇದನ್ನ ಹೊರಗೆ ಅಂದ್ರೆ ನಾನೇ ಕೇಸ್ ಹಾಕ್ತೀನಿ!"

ಈರಭದ್ರಪ್ಪ ಪರದೆಯನ್ನೂ ಕಾಗದವನ್ನೂ ಎರಡೆರಡು ಸಲ ನೋಡಿದರು. ಜೇಬಿನಿಂದ ಪೆನ್ನು ತೆಗೆದು ಆ ತೂತಿನ ಸುತ್ತ ದುಂಡಗೆ ಗುರುತು ಹಾಕಿ ಪಕ್ಕದಲ್ಲಿ 'ನಾಲ್ಕು' ಎಂದು ಬರೆದರು.

ಪ್ರತಿಮಾ ಅತ್ತೆಯನ್ನು ಅಪ್ಪಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟಳು. "ಬಿಡೇ, ಬಿಡೇ, ಸೊಂಟ ಹೋಯ್ತು!" ಎನ್ನುತ್ತಿದ್ದ ಕರಿಬಸಮ್ಮ ನಗು ತಡೆಯಲಾರದೆ ಕೆಮ್ಮಿದರು.

ತಹಸೀಲ್ದಾರರ ವರದಿ, ಪೊಲೀಸರ ವಿಚಾರಣೆ ಎಲ್ಲ ಮುಗಿದು ಹೊಸ ಪರವಾನಗಿ ಕೈಸೇರಲು ಮೂರು ತಿಂಗಳು ಹಿಡಿಯಿತು. ಅದು ಬಂದ ದಿನವೇ ಠಾಣೆಗೆ ಹೋಗಿ, ರಿಜಿಸ್ಟರಿನಲ್ಲಿ ಸಹಿ ಹಾಕಿ, ಕೋವಿಯನ್ನು ಬಿಡಿಸಿಕೊಂಡು, ಸೊಸೆಯ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದರು. ಸಂಜೆ ಐದೂವರೆಗೆ ಹೊಲದಲ್ಲಿದ್ದರು. ಕಡಲೆಕಾಯಿ ಗಿಡಗಳ ನಡುವೆ ಕಪ್ಪು ಬೆನ್ನುಗಳು ಅಲ್ಲಾಡುತ್ತಿದ್ದವು.

ಮುಗಿಲಿಗೆ ಒಂದು ಗುಂಡು. ಕೆರೆಯ ಕಡೆಯಿಂದ ಸದ್ದು ಮರಳಿ ಬರುವ ಮೊದಲೇ ಹಂದಿಗಳು ಬದು ಹಾರಿದವು. ಪ್ರತಿಮಾ ಎಣಿಸಿದಳು: ಒಂಬತ್ತು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಪಕ್ಕದ ಹೊಲದ ಹುಲಿಗೆಮ್ಮ.

"ಕೋವಿ ಬಂತೇನೇ ಪ್ರತಿಮಾ? ಅವು ಈ ಕಡೆ ಬತ್ತಾ ಇದಾವೆ ಕಣೇ! ನಿಮ್ಮತ್ತೇಗೆ ಹೇಳು, ಇನ್ನೊಂದು ಹಾಕ್ಲಿ!"

ಹೇಳುವ ಅಗತ್ಯವಿರಲಿಲ್ಲ. ಕರಿಬಸಮ್ಮ ಆಗಲೇ ನಳಿಗೆಯ ಬಾಯಿಗೆ ಮದ್ದು ಸುರಿದು, ಗಜ ಎಳೆದುಕೊಂಡಿದ್ದರು.