ಡಿಕ್ಕಿಯಲ್ಲಿ ಕಂಬಳಿ ಹೊದ್ದ ಸಿಲಿಂಡರ್

“ಗ್ಯಾಸ್ ಗಾಡೀಲಿ ನಾನು ಕೂರಲ್ಲ” ಎಂದು ಅಪ್ಪ ಹೇಳಿದ್ದು, ನಮ್ಮ ಹಳೆಯ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸುವ ಮಾತೆತ್ತಿದ ದಿನವೇ. ಹಟದಲ್ಲಿ ನಾನೂ ಅವನ ಮಗಳೇ. ಹಾಕಿಸಿಯೇ ಬಿಟ್ಟೆ, ಹಾಕಿಸಿದ್ದನ್ನು ಮಾತ್ರ ಹೇಳಲಿಲ್ಲ.

ಚಿನ್ನದ ಗಣಿಯ ಒಳಗೆ ದುಡಿದ ಅಪ್ಪನ ಎದೆಯಲ್ಲಿ ಕಲ್ಲಿನ ದೂಳು ಕೂತಿತ್ತು. ವಾರಕ್ಕೊಮ್ಮೆ ನಾವಿದ್ದ ಊರಿಗಾಂನಿಂದ ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಹತ್ತಿದರೆ ಅವನಿಗೆ ಏದುಸಿರು. ಪ್ರತಿ ವಾರ ಅಷ್ಟು ದೂರ ಪೆಟ್ರೋಲಿನಲ್ಲಿ ಓಡಿಸುವ ಖರ್ಚು ನನ್ನಿಂದಾಗದ ಮಾತು. ಹಾಗಾಗಿ ಡಿಕ್ಕಿಯಲ್ಲಿದ್ದ ಸಿಲಿಂಡರ್ ಮೇಲೆ ಕಂಬಳಿ ಹೊದಿಸಿದೆ, ಅವನಿಲ್ಲದ ಹೊತ್ತು ನೋಡಿ ಗ್ಯಾಸ್ ತುಂಬಿಸಿಕೊಂಡು ಬರುತ್ತಿದ್ದೆ.

ಒಂದು ಬೆಳಿಗ್ಗೆ ಬಂಗಾರಪೇಟೆ ದಾಟುತ್ತಿದ್ದಂತೆ ಗ್ಯಾಸೂ ಮುಗಿಯಿತು, ಪೆಟ್ರೋಲೂ ತಳ ಕಂಡಿತು. ಹತ್ತಿರದಲ್ಲಿದ್ದುದು ಸಿಎನ್‌ಜಿ ಬಂಕ್ ಒಂದೇ, ವಿಧಿಯಿಲ್ಲದೆ ಅಲ್ಲಿಗೆ ತಿರುಗಿಸಿದೆ. “ಎಲ್ಲಾ ಕೆಳಗಿಳೀರಿ” ಎಂದ ಬಂಕಿನವನು. ಗ್ಯಾಸ್ ತುಂಬುವಾಗ ಒಳಗೆ ಯಾರೂ ಕೂರುವ ಹಾಗಿಲ್ಲ. ಅಪ್ಪ ಇಳಿದ. ಬಂಕಿನವನು ಬಾನೆಟ್ ಎತ್ತಿ ಪೈಪು ಸಿಕ್ಕಿಸಿದ್ದನ್ನು ನೋಡಿದ.

“ಎಷ್ಟು ದಿನದಿಂದ?”

“ಎರಡು ತಿಂಗಳಾಯ್ತಪ್ಪ.”

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವನು ಮೆಲ್ಲಗೆ ಹೇಳಿದ: “ಗಣೀಲಿ ಮದ್ದು ಸಿಡೀದೆ ಉಳಿದ್ರೆ, ಬಂಡೇಲಿ ಯಾವ ತೂತಲ್ಲೈತೆ ಅಂತ ಮುಂದಿನ ಪಾಳಿಯೋರಿಗೆ ಯೋಳ್ಬಿಟ್ಟೇ ಮೇಲಕ್ಕೆ ಬತ್ತಿದ್ವಿ. ಯೋಳ್ದೆ ಬಂದೋನ ಜೊತೆ ಆಮೇಲೆ ಯಾರೂ ಕೆಳಗಿಳೀತಿರ್ಲಿಲ್ಲ.”

ರಸ್ತೆಗೆ ಹೋಗಿ ಬಸ್ಸಿಗೆ ಕೈ ಅಡ್ಡ ಹಿಡಿದ. ಕೋಲಾರದವರೆಗೂ ಆ ಬಸ್ಸಿನ ಹಿಂದೆಯೇ ಕಾರು ಓಡಿಸಿದೆ, ಸಿಟ್ಟಿನಲ್ಲಿ ಅಳುತ್ತಾ. ಆಸ್ಪತ್ರೆಯ ಗೇಟಿನ ಸರಳು ಹಿಡಿದುಕೊಂಡು ಅಪ್ಪ ಉಸಿರಿಗಾಗಿ ಒದ್ದಾಡುತ್ತಿದ್ದ. ಹಿಡಿದುಕೊಳ್ಳಲು ಹೋದರೆ ನನ್ನ ಕೈ ತಳ್ಳಿದ. ಆಗ ಸಿಟ್ಟೆಲ್ಲ ಇಳಿದು ನಾಚಿಕೆಯಾಯಿತು. ಇನ್ನೊಂದು ಸಲ ಅವನು ಬಸ್ಸು ಹತ್ತುವಂತಾಗಬಾರದು ಎಂದು ಗಟ್ಟಿ ಮಾಡಿಕೊಂಡೆ.

ಮುಂದಿನ ವಾರ, ಹೊರಡುವ ಮೊದಲು ಅವನನ್ನು ಮನೆ ಮುಂದೆ ಕರೆದು ಡಿಕ್ಕಿ ತೆರೆದೆ. ಕಂಬಳಿ ಕಿತ್ತು ಬಿಸಾಡಿದೆ. ಸಿಲಿಂಡರ್ ತೋರಿಸಿದೆ, ಅದರ ಮೇಲಿದ್ದ ಪರೀಕ್ಷೆಯ ತಾರೀಕು ಓದಿ ಹೇಳಿದೆ, ಯಾವ ವಾಲ್ವ್ ತಿರುಗಿಸಿದರೆ ಗ್ಯಾಸ್ ನಿಲ್ಲುತ್ತದೆ ಎಂದು ಅವನ ಕೈಯಿಂದಲೇ ತಿರುಗಿಸಿ ತೋರಿಸಿದೆ. ಇನ್ನೊಂದು ಉಳಿದಿತ್ತು. ಅದನ್ನು ಹೇಳಿದರೆ ಅವನು ಇನ್ನೆಂದೂ ಹತ್ತುವುದಿಲ್ಲವೇನೋ ಎಂಬ ಭಯ. ಆದರೂ ಹೇಳಿದೆ.

“ಓದ ತಿಂಗಳು ಈ ಜಾಯಿಂಟಲ್ಲಿ ಗ್ಯಾಸ್ ವಾಸ್ನೆ ಬಂದಿತ್ತಪ್ಪ. ಗ್ಯಾರೇಜಲ್ಲಿ ಸರಿ ಮಾಡಿಸ್ದೆ. ವಾಸ್ನೆ ಬಂದಾಗ ನೀನೂ ಗಾಡೀಲಿದ್ದೆ, ನಿಂಗೆ ಯೋಳ್ಲಿಲ್ಲ.”

ಅಪ್ಪ ಡಿಕ್ಕಿಯೊಳಗೆ ಬಗ್ಗಿ, ಇದ್ದಷ್ಟು ಉಸಿರನ್ನೆಲ್ಲ ಎಳೆದು ಆ ಜಾಯಿಂಟ್ ಮೂಸಿ ನೋಡಿದ. ಕೆಮ್ಮು ನಿಂತ ಮೇಲೆ ಕೇಳಿದ:

“ಇನ್ನೇನೈತೆ, ಯೋಳ್ದೆ ಇರೋದು?”

“ಇನ್ನೇನಿಲ್ಲಪ್ಪ.”

ಡಿಕ್ಕಿಯನ್ನು ಅವನೇ ಮುಚ್ಚಿದ. ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ.